ಪಕ್ಕದ ಮನೆಯ ಬೀಗ

ಅಟ್ಲಾಂಟಾ,
18 ಆಗಸ್ಟ್ 2024, ಭಾನುವಾರ

ತೀರ್ಥರೂಪ ಅಪ್ಪನವರಿಗೆ,

ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವು ಮೂವರೂ ಕ್ಷೇಮ. ನಿಮ್ಮ ಮತ್ತು ಅಮ್ಮನ ಆರೋಗ್ಯದ ಬಗ್ಗೆ ವಿವರವಾಗಿ ಬರೆಯಿರಿ. ಫೋನಿನಲ್ಲಿ ಕೇಳಿದರೆ ಇಬ್ಬರೂ "ಚೆನ್ನಾಗಿದ್ದೇವೆ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೀರಿ.

ಹೋದ ವಾರ ನೀವು ಕೇಳಿದ ಪ್ರಶ್ನೆಗೆ ಆಗ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. "ಅಲ್ಲಿ ಮನೆಗೆ ಬೀಗ ಹಾಕಿಕೊಂಡು ಎರಡು ತಿಂಗಳು ಈ ಕಡೆ ಬಂದರೆ ಯಾರೋ ಒಳಗೆ ಸೇರಿಕೊಂಡು ಮನೆ ತಮ್ಮದೇ ಎನ್ನುತ್ತಾರಂತೆ, ಪೊಲೀಸರೂ ಅವರ ಪರವೇ ಅಂತೆ, ಹೌದೇ?" ಎಂದಿರಿ. ನಾವಿನ್ನೂ ಡಿಸೆಂಬರಿನ ಟಿಕೆಟ್ಟೇ ತೆಗೆದಿಲ್ಲ, ನಿಮಗೆ ಆಗಲೇ ಈ ಮನೆಯ ಚಿಂತೆ. ಮೂವತ್ತು ವರ್ಷ ಕೋರ್ಟಿನ ಕಡತಗಳ ನಡುವೆ ಇದ್ದ ಶಿರಸ್ತೇದಾರರಿಗೆ ಎರಡು ನಿಮಿಷದ ಉತ್ತರ ಕೊಟ್ಟರೆ ನೀವು ಒಪ್ಪುವವರೂ ಅಲ್ಲ. ಮೇಲಾಗಿ ಇದು ನಮ್ಮ ಪಕ್ಕದ ಮನೆಯಲ್ಲೇ ನಡೆದು ಹೋಯಿತು. ಆದ್ದರಿಂದ ಕೂತು ಬರೆಯುತ್ತಿದ್ದೇನೆ.

ಎಡಗಡೆ ಮನೆಯ ಅಜ್ಜಿ ನೆನಪಿರಬೇಕು, ನೀವು ಬಂದಿದ್ದಾಗ ಅಮ್ಮನಿಗೆ ದಿನಾ ಗುಲಾಬಿ ಕತ್ತರಿಸಿ ಕೊಡುತ್ತಿದ್ದವರು. ಗಂಡ ತೀರಿಕೊಂಡ ಮೇಲೆ, ಹೋದ ವರ್ಷದ ಕೊನೆಯಲ್ಲಿ, ಒಹಾಯೊದಲ್ಲಿರುವ ಮಗಳ ಮನೆಗೆ ಹೋದರು. ಮನೆಯನ್ನು ಬಾಡಿಗೆಗೆ ಕೊಡಿಸಲು ಒಬ್ಬ ಏಜೆಂಟರಿಗೆ ಒಪ್ಪಿಸಿದ್ದರು. ಇಲ್ಲಿ ಈಗ ಮನೆ ತೋರಿಸಲು ಏಜೆಂಟರು ಜೊತೆಗೆ ಬರುವುದೂ ಕಡಿಮೆ. ಬಾಗಿಲ ಹಿಡಿಗೆ ಒಂದು ಪುಟ್ಟ ಪೆಟ್ಟಿಗೆ ನೇತುಹಾಕಿ ಅದರೊಳಗೆ ಬೀಗದ ಕೈ ಇಟ್ಟಿರುತ್ತಾರೆ. ಮೊಬೈಲಿಗೆ ಬಂದ ಅಂಕಿಗಳನ್ನು ಒತ್ತಿದರೆ ಪೆಟ್ಟಿಗೆ ತೆರೆಯುತ್ತದೆ, ನೋಡಿಕೊಂಡು ಕೈಯನ್ನು ಅಲ್ಲೇ ಇಟ್ಟು ಹೋಗಬೇಕು. ಯಾವನೋ ಒಬ್ಬ ಮನೆ ನೋಡುವ ನೆಪದಲ್ಲಿ ಅಂಕಿಗಳನ್ನು ಪಡೆದ. ಏಜೆಂಟರ ಜಾಹೀರಾತಿನ ಚಿತ್ರಗಳನ್ನೇ ಕದ್ದು, ಬಾಡಿಗೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ ತನ್ನದೊಂದು ಜಾಹೀರಾತು ಹಾಕಿದ. ಒಂದು ಕುಟುಂಬ ಅವನಿಗೆ ಎರಡು ತಿಂಗಳ ಬಾಡಿಗೆ, ಮೇಲೆ ಮುಂಗಡ ಕೊಟ್ಟು, ಅವನು ಕಳಿಸಿದ ಕರಾರಿಗೆ ಸಹಿ ಹಾಕಿ, ಜನವರಿಯ ಒಂದು ಶನಿವಾರ ಸಾಮಾನಿನ ಗಾಡಿ ತಂದು ನಿಲ್ಲಿಸಿತು.

ಅಂತೂ ಬಾಡಿಗೆಯವರು ಸಿಕ್ಕಿದರಲ್ಲ ಎಂದುಕೊಂಡೆವು ನಾವು. ನಿಮ್ಮ ಅಳಿಯಂದಿರು ಹೋಗಿ ಸೋಫಾ ಎತ್ತಲು ಕೈಯನ್ನೂ ಕೊಟ್ಟು ಬಂದರು! ಆ ಮೇಲೆ ನಾಲ್ಕು ತಿಂಗಳು ಅಜ್ಜಿಯ ಮುಖ ನೋಡಲು ಅವರು ನಾಚುತ್ತಿದ್ದರು.

ಹತ್ತು ದಿನ ಕಳೆದು ಏಜೆಂಟರಿಗೆ ವಿಷಯ ತಿಳಿದು, ಅಜ್ಜಿ ವಿಮಾನ ಹತ್ತಿ ಬಂದರು. ಆ ಸಂಜೆ ನಾನು ಪಕ್ಕದಲ್ಲೇ ಇದ್ದೆ. ಕತ್ತಲಾಗುತ್ತಿತ್ತು. ಪೊಲೀಸನೊಬ್ಬ ಮೆಟ್ಟಿಲ ಮೇಲೆ ನಿಂತು, ಟಾರ್ಚನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡು ಕೈಯಲ್ಲಿ ಎರಡು ಕಾಗದ ಹಿಡಿದು ನೋಡುತ್ತಿದ್ದ. ಒಂದು ಅಜ್ಜಿಯ ಕ್ರಯಪತ್ರದ ನಕಲು. ಇನ್ನೊಂದು ಆ ಕುಟುಂಬದ ಬಾಡಿಗೆ ಕರಾರು. ಅದರಲ್ಲಿ ಯಜಮಾನರ ಹೆಸರು ಅಜ್ಜಿಯದೇ, ಆದರೆ ಒಂದು ಅಕ್ಷರ ತಪ್ಪು. "ಇದು ನನ್ನ ಸಹಿಯಲ್ಲ, ನನ್ನ ಹೆಸರನ್ನು ನಾನೇ ತಪ್ಪು ಬರೆಯುತ್ತೇನೆಯೇ?" ಎಂದು ಅಜ್ಜಿ ಹುಲ್ಲಿನ ಮೇಲೆ ನಿಂತು ಕೂಗುತ್ತಿದ್ದರು. ಒಳಗಿನಿಂದ ಆ ಹೆಂಗಸು, "ನಾನು ಹಣ ಕಟ್ಟಿದ್ದೇನೆ, ರಸೀದಿ ಇದೆ" ಎಂದು ಅಳುತ್ತಿದ್ದಳು. ಪೊಲೀಸ್ ಎರಡೂ ಕಾಗದಗಳನ್ನು ಮಡಿಸಿ ಅವರವರಿಗೆ ವಾಪಸು ಕೊಟ್ಟು, "ಮೇಡಂ, ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ. ನೀವಾಗಿ ಬೀಗ ಬದಲಿಸಬೇಡಿ" ಎಂದು ಹೇಳಿ ಹೊರಟುಹೋದ. ಅಜ್ಜಿ ಆ ರಾತ್ರಿ ನಮ್ಮ ಮನೆಯಲ್ಲಿ ಮಲಗಿದರು. ಕಿಟಕಿಯಿಂದ ಅವರ ಅಡುಗೆಮನೆಯ ದೀಪ ಕಾಣುತ್ತಿತ್ತು. ಕರೆಂಟಿನ ಬಿಲ್ಲು ಅವರ ಹೆಸರಿಗೇ ಬರುತ್ತಿತ್ತು.

ಪೊಲೀಸರು ಒಳಗೆ ಸೇರಿಕೊಂಡವರ ಪರ ಎಂದು ನೀವು ಕೇಳಿದ್ದು ಇದನ್ನೇ. ಪರವೂ ಅಲ್ಲ, ವಿರೋಧವೂ ಅಲ್ಲ. ಎರಡು ಕಾಗದಗಳಲ್ಲಿ ಯಾವುದು ಸಾಚಾ ಎಂದು ತೀರ್ಮಾನಿಸುವ ಅಧಿಕಾರ ಹೊಸ್ತಿಲಲ್ಲಿ ನಿಂತ ಪೇದೆಗೆ ಇಲ್ಲ.

ಇದಕ್ಕೂ ನೀವು ಬಲ್ಲ ಪ್ರತಿಕೂಲ ಸ್ವಾಧೀನಕ್ಕೂ, ಅಂದರೆ ಬೇರೆಯವರ ಆಸ್ತಿಯಲ್ಲಿ ವರ್ಷಗಟ್ಟಲೆ ಇದ್ದು ಅದರ ಒಡೆತನವನ್ನೇ ಪಡೆಯುವುದಕ್ಕೂ, ಸಂಬಂಧವಿಲ್ಲ. ಜನ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಗಲಿಬಿಲಿ ಮಾಡಿಕೊಳ್ಳುತ್ತಾರೆ. ನಮ್ಮ 1963ರ ಕಾಲಮಿತಿ ಕಾಯ್ದೆಯ 12 ವರ್ಷದ ಹಾಗೆ ಇಲ್ಲಿಯೂ ಒಂದೊಂದು ರಾಜ್ಯಕ್ಕೆ ಒಂದೊಂದು ಅವಧಿಯಿದೆ. ನಮ್ಮ ಜಾರ್ಜಿಯಾದಲ್ಲಿ 20 ವರ್ಷ, ಕೈಯಲ್ಲಿ ಹಕ್ಕುಪತ್ರದಂತೆ ಕಾಣುವ ಕಾಗದವಿದ್ದು ಅದನ್ನು ಪ್ರಾಮಾಣಿಕವಾಗಿ ನಂಬಿದ್ದರೆ 7. ನ್ಯೂಯಾರ್ಕಿನಲ್ಲಿ 10, ನ್ಯೂಜೆರ್ಸಿಯಲ್ಲಿ 30. ಕ್ಯಾಲಿಫೋರ್ನಿಯಾದಲ್ಲಿ 5 ವರ್ಷವೇ ಸಾಕು, ಆದರೆ ಅಷ್ಟೂ ವರ್ಷ ಆಸ್ತಿ ತೆರಿಗೆಯನ್ನು ಸೇರಿಕೊಂಡವನೇ ಕಟ್ಟಿರಬೇಕು. ಎರಡು ತಿಂಗಳು ಬೀಗ ಹಾಕಿದ ಮನೆಯ ಒಡೆತನ ಯಾರಿಗೂ ಹೋಗುವುದಿಲ್ಲ, ಅದರ ಬಗ್ಗೆ ನಿಶ್ಚಿಂತರಾಗಿರಿ. ಒಡೆತನ ಅಜ್ಜಿಯದೇ ಎಂಬುದರಲ್ಲಿ ಒಂದು ದಿನವೂ ಯಾರಿಗೂ ಅನುಮಾನವಿರಲಿಲ್ಲ. ಅವರಿಗೆ ಮನೆಯೊಳಗೆ ಕಾಲಿಡಲಾಗಲಿಲ್ಲ, ಅಷ್ಟೆ.

ವಕೀಲರು ಎರಡು ದಾರಿ ಹೇಳಿದರು. ಒಳಗಿರುವವರು ಅತಿಕ್ರಮಿಗಳೆಂದು ಇಲ್ಲಿನ ಜಿಲ್ಲೆಯ ಪೊಲೀಸ್ ಅಧಿಕಾರಿಯಾದ ಷೆರಿಫರಿಗೆ ಪ್ರಮಾಣಪತ್ರ ಕೊಡುವುದು ಒಂದು. ಆದರೆ ಅವರು ತಮಗೂ ಹಕ್ಕಿದೆ ಎಂದು ಪ್ರತಿ ಪ್ರಮಾಣಪತ್ರ ಹಾಕಿಬಿಟ್ಟರೆ ಪ್ರಕರಣ ಮೇಲಿನ ಕೋರ್ಟಿಗೆ ಏರುತ್ತದೆ, ಆಮೇಲೆ ಇಳಿಯುವುದು ಯಾವಾಗಲೋ. ಇನ್ನೊಂದು, ಬಾಡಿಗೆದಾರರನ್ನು ಒಕ್ಕಲೆಬ್ಬಿಸುವ ಮಾಮೂಲು ದಾವೆಯನ್ನೇ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಹೂಡುವುದು. ಅಜ್ಜಿ ಎರಡನೆಯದನ್ನು ಆರಿಸಿಕೊಂಡರು. ಸಮನ್ಸ್ ಮುಟ್ಟಿದ ಮೇಲೆ ಉತ್ತರ ಕೊಡಲು 7 ದಿನ. ಒಳಗಿದ್ದವರು ತಕರಾರು ಸಲ್ಲಿಸಿದರು, ವಿಚಾರಣೆಗೆ ದಿನಾಂಕ ಬಿತ್ತು, ಒಮ್ಮೆ ಮುಂದೆ ಹೋಯಿತು. ತೀರ್ಪು ಅಜ್ಜಿಯ ಪರ ಬಂದ ಮೇಲೆ ಮತ್ತೆ 7 ದಿನ ಕಾದು ಸ್ವಾಧೀನ ವಾರಂಟು. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಡಿಕ್ರಿ ಸಿಕ್ಕಿತು, ಅಮಲ್ಜಾರಿ ಬಾಕಿ. ಷೆರಿಫರ ಕಚೇರಿಯಲ್ಲಿ ಸರದಿ ಎಷ್ಟು ಉದ್ದವಿತ್ತೆಂದರೆ ಬಾಗಿಲು ತೆರೆದದ್ದು ಮೇ ತಿಂಗಳ ನಡುವೆ. ವಕೀಲರ ಫೀಜು 3,500 ಡಾಲರ್, ಅದರ ಮೇಲೆ ನೀರು, ಕರೆಂಟು, ವಿಮೆ, ತೆರಿಗೆ, ಓಡಾಟ. ನೀರನ್ನಾದರೂ ನಿಲ್ಲಿಸಲೇ ಎಂದು ಅಜ್ಜಿ ಒಮ್ಮೆ ಕೇಳಿದ್ದಕ್ಕೆ, "ನಿಲ್ಲಿಸಿದರೆ ಆ ದಿನದಿಂದ ಆರೋಪಿ ನೀವೇ" ಎಂದರಂತೆ ವಕೀಲರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಿದ್ದಿರಲ್ಲ, ಆ ಮಾತನ್ನು ಅಜ್ಜಿಗೆ ಹೇಳಿದೆ. ನಕ್ಕರು. ಆಮೇಲೆ, ಅದನ್ನು ಬರೆದುಕೊಡು ಎಂದರು.

ಖಾಲಿ ಮಾಡಿಸುವ ದಿನ ನೋಡಬಾರದಿತ್ತು. ಷೆರಿಫರ ಆಳು ನಿಂತು ನೋಡುತ್ತಾನೆ, ಸಾಮಾನು ಹೊರಗೆ ಹಾಕುವ ಕೂಲಿಗಳನ್ನು ಮನೆಯ ಯಜಮಾನರೇ ಕರೆತರಬೇಕು. ನಿಮ್ಮ ಅಳಿಯಂದಿರು ಎತ್ತಿದ್ದ ಅದೇ ಸೋಫಾ ರಸ್ತೆ ಬದಿಗೆ ಬಂತು. ಹಾಸಿಗೆ, ಮಗುವಿನ ಸೈಕಲ್ಲು, ಪ್ಲಗ್ಗು ಕಿತ್ತ ಫ್ರಿಜ್ಜಿನೊಳಗಿನ ಹಾಲಿನ ಡಬ್ಬಿ. ಮಧ್ಯಾಹ್ನವಾಗುವಷ್ಟರಲ್ಲಿ ದಾರಿಯಲ್ಲಿ ಹೋಗುವವರು ಕಾರು ನಿಲ್ಲಿಸಿ ಬೇಕಾದದ್ದನ್ನು ಆರಿಸಿಕೊಳ್ಳತೊಡಗಿದರು. ಆ ಕುಟುಂಬ ಮೋಸ ಮಾಡಿದ್ದಲ್ಲ ಅಪ್ಪ, ಮೋಸ ಹೋದದ್ದು. ಎಲ್ಲ ಕಡೆಯೂ ಹೀಗೆಯೇ ಎಂದು ಹೇಳಲಾರೆ. ಖೊಟ್ಟಿ ಕರಾರನ್ನು ತಾವೇ ಅಚ್ಚು ಹಾಕಿಕೊಂಡು ಬರುವ ಖದೀಮರು ಬೇಕಾದಷ್ಟು ಇದ್ದಾರೆ. ಆದರೆ ಹೊಸ್ತಿಲಲ್ಲಿ ನಿಂತವನಿಗೆ ಇಬ್ಬರ ಕಾಗದವೂ ಒಂದೇ ತರಹ ಕಾಣುತ್ತದೆ.

ಇನ್ನೊಂದು ವಿಷಯ. ಇದನ್ನು ನಿಮಗೆ ಇದುವರೆಗೆ ಹೇಳಿಲ್ಲ, ಈಗ ಬೈದರೂ ಚಿಂತೆಯಿಲ್ಲ. 2012ರ ಜನವರಿಯಲ್ಲಿ ನಾನು ನ್ಯೂಯಾರ್ಕಿನಲ್ಲಿ ಓದುತ್ತಿದ್ದಾಗ ಕ್ವೀನ್ಸಿನಲ್ಲಿ ಒಂದು ನೆಲಮಾಳಿಗೆಯ ಕೋಣೆಯಲ್ಲಿದ್ದೆನಲ್ಲ. ಕರಾರು ಗಿರಾರು ಏನೂ ಇರಲಿಲ್ಲ, ಬಾಯಿಮಾತಿನ ಬಾಡಿಗೆ. ವಿದ್ಯಾರ್ಥಿವೇತನ ಬರುವುದು ತಡವಾಗಿ ಬಾಡಿಗೆ ಹತ್ತು ದಿನ ಹಿಂದೆ ಬಿತ್ತು. ಒಂದು ರಾತ್ರಿ ಹತ್ತು ಗಂಟೆಗೆ ಲೈಬ್ರರಿಯಿಂದ ಬಂದು ನೋಡಿದರೆ ಬೀಗ ಬದಲಾಗಿತ್ತು. ನನ್ನ ಬಟ್ಟೆ, ಪುಸ್ತಕ ಎಲ್ಲವೂ ಕಸ ತುಂಬುವ ಎರಡು ಕಪ್ಪು ಚೀಲಗಳಲ್ಲಿ ಮೆಟ್ಟಿಲ ಮೇಲಿದ್ದವು, ಅವುಗಳ ಮೇಲೆ ಹಿಮ. ಗೆಳತಿಯೊಬ್ಬಳು ಪೊಲೀಸರನ್ನು ಕರೆಸಿದಳು. ಬಂದವನು ಕೇಳಿದ್ದು ಒಂದೇ ಪ್ರಶ್ನೆ: ಇಲ್ಲಿ ಎಷ್ಟು ದಿನದಿಂದ ಇದ್ದೀರಿ, ಏನು ಆಧಾರ? ನ್ಯೂಯಾರ್ಕ್ ನಗರದಲ್ಲಿ 30 ದಿನ ವಾಸವಿದ್ದವರನ್ನು ಕೋರ್ಟಿನ ಆದೇಶವಿಲ್ಲದೆ ಹೊರಹಾಕುವಂತಿಲ್ಲ, ಹಾಕಿದರೆ ಅಪರಾಧ. ಚೀಲದೊಳಗೆ ಕೈಯಾಡಿಸಿದಾಗ ನೀವು ಕಳಿಸಿದ್ದ ಏರ್‌ಮೇಲ್ ಲಕೋಟೆ ಸಿಕ್ಕಿತು. ನಿಮ್ಮ ದುಂಡು ಅಕ್ಷರದಲ್ಲಿ ಆ ಮನೆಯ ವಿಳಾಸ, ಮೂರು ತಿಂಗಳ ಹಿಂದಿನ ಅಂಚೆ ಮುದ್ರೆ. ಅವನು ಅದನ್ನು ತಿರುಗಿಸಿ ನೋಡಿ, ಮನೆಯ ಯಜಮಾನನಿಗೆ, "ಬಾಗಿಲು ತೆರೆಯುತ್ತೀಯೋ, ನನ್ನ ಜೊತೆ ಬರುತ್ತೀಯೋ?" ಎಂದ. ಬಾಗಿಲು ತೆರೆಯಿತು.

ಈ ವರ್ಷದ ಆರಂಭದಲ್ಲಿ ಅದೇ ಕ್ವೀನ್ಸಿನ ಫ್ಲಶಿಂಗಿನಲ್ಲಿ, ತಂದೆತಾಯಿಯಿಂದ ಬಂದ ಮನೆಯಲ್ಲಿ ಸೇರಿಕೊಂಡವರನ್ನು ಹೊರಗಿಡಲು ಬೀಗ ಬದಲಿಸಿದ ಮಹಿಳೆಯೊಬ್ಬರನ್ನು ಪೊಲೀಸರು ಬಂಧಿಸಿದರು. ದೇಶಕ್ಕೆ ದೇಶವೇ ಹೌಹಾರಿತು, ಬಹುಶಃ ನಿಮ್ಮ ಕಿವಿಗೆ ಬಿದ್ದದ್ದೂ ಅದೇ. ನನ್ನನ್ನು ಹಿಮದಿಂದ ಒಳಗೆ ಕರೆದ ನಿಯಮವೇ ಆಕೆಯ ಕೈಗೆ ಬೇಡಿ ಹಾಕಿಸಿತು. ಯಾರನ್ನು ಬೈಯಲಿ ಹೇಳಿ? ಮನೆ ತನ್ನದೇ ಆದರೂ ಬಲಪ್ರಯೋಗದಿಂದ ಒಳನುಗ್ಗಬಾರದೆಂದು ಇಂಗ್ಲೆಂಡಿನಲ್ಲಿ 1381ರಲ್ಲೇ ಕಾಯ್ದೆ ಮಾಡಿದ್ದರು. ಹಾಗಿಲ್ಲದಿದ್ದರೆ ದೊಣ್ಣೆ ಯಾರದೋ ಮನೆ ಅವರದು. ಆ ಯೋಚನೆಯೇ ಸಮುದ್ರ ದಾಟಿ ಇಲ್ಲಿಗೂ ಬಂತು.

ಆಮೇಲೆ ಕಾನೂನುಗಳು ಸರಸರನೆ ಬದಲಾದವು. ಏಪ್ರಿಲಿನಲ್ಲಿ ನ್ಯೂಯಾರ್ಕ್, ಹೀಗೆ ಸೇರಿಕೊಂಡವನು ಬಾಡಿಗೆದಾರನಲ್ಲ ಎಂದು ಕಾಯ್ದೆಯಲ್ಲೇ ಬರೆಯಿತು. ಫ್ಲಾರಿಡಾ ಇನ್ನೂ ಮುಂದೆ ಹೋಯಿತು. ಗವರ್ನರ್ ರಾನ್ ಡಿಸ್ಯಾಂಟಿಸ್ ಮಾರ್ಚ್ 27ರಂದು ಸಹಿ ಹಾಕಿದ ಕಾಯ್ದೆ ಜುಲೈ 1ರಿಂದ ಜಾರಿಯಲ್ಲಿದೆ. ಯಜಮಾನ ಪ್ರಮಾಣ ಮಾಡಿ ದೂರು ಕೊಟ್ಟರೆ ಷೆರಿಫರು ಕೋರ್ಟಿನ ಗೊಡವೆಯಿಲ್ಲದೆ ಬಂದು ಹೊರಹಾಕಬಹುದು, ಖೊಟ್ಟಿ ಕರಾರು ತೋರಿಸಿದರೆ ಅದೇ ಒಂದು ಅಪರಾಧ. ಯಜಮಾನನೇ ಸುಳ್ಳು ಹೇಳಿದ್ದರೆ ಹೊರಬಿದ್ದವರು ದಾವೆ ಹಾಕಿ ಬಾಡಿಗೆಯ ಮೂರು ಪಟ್ಟು ಪಡೆಯಬಹುದಂತೆ. ಮಕ್ಕಳನ್ನು ಕಟ್ಟಿಕೊಂಡು ಬೀದಿಯಲ್ಲಿ ನಿಂತವರು ವಕೀಲರನ್ನು ಹುಡುಕಿ ಮೂರು ಪಟ್ಟು ವಸೂಲು ಮಾಡುವುದು ಎಷ್ಟರ ಮಟ್ಟಿಗೆ ಸಾಧ್ಯವೋ ನಿಮಗೇ ಗೊತ್ತು.

ನನಗೆ ನಮ್ಮ ಜಾರ್ಜಿಯಾದ ಹೊಸ ಕ್ರಮವೇ ವಾಸಿ ಎನಿಸುತ್ತದೆ. ಗವರ್ನರ್ ಬ್ರಯಾನ್ ಕೆಂಪ್ ಏಪ್ರಿಲ್ 24ರಂದು ಅದಕ್ಕೆ ಸಹಿ ಹಾಕಿದರು. ಪೊಲೀಸರು ಒಳಗಿರುವವರಿಗೆ ನೋಟಿಸು ಕೊಡುತ್ತಾರೆ, ಅವರು ಕೆಲಸದ 3 ದಿನಗಳೊಳಗೆ ತಮ್ಮ ಕಾಗದ ತೋರಿಸಬೇಕು, ತೋರಿಸಿದರೆ 7 ದಿನಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ವಿಚಾರಣೆ. ಕಾಗದ ನೋಡುವವರು ನ್ಯಾಯಾಧೀಶರೇ, ಆದರೆ ನಾಲ್ಕು ತಿಂಗಳು ಕಾಯಿಸದೆ. ಹಕ್ಕು ಯಾರಿಗಿದೆ ಎಂಬುದಕ್ಕಿಂತ ತೀರ್ಮಾನಕ್ಕೆ ಎಷ್ಟು ದಿನ ಎಂಬುದೇ ಅಜ್ಜಿಯನ್ನು ಹೈರಾಣು ಮಾಡಿದ್ದು. ಆ ಸಹಿ ಬಿದ್ದ ದಿನ ಅವರು ತಮ್ಮ ಹಳೆಯ ದಾವೆಯ ವಾರಂಟಿಗಾಗಿ ಷೆರಿಫರ ಕಚೇರಿಯ ಬೆಂಚಿನ ಮೇಲೆ ಕೂತಿದ್ದರು.

ಇನ್ನು ನಮ್ಮ ಮನೆ. ಅಜ್ಜಿ ಈಗ ತಮ್ಮ ಮನೆಗೇ ವಾಪಸು ಬಂದಿದ್ದಾರೆ, ಬಾಡಿಗೆಯ ಮಾತೇ ಎತ್ತುವುದಿಲ್ಲ. ನಮ್ಮ ಬೀಗದ ಇನ್ನೊಂದು ಕೈ ಅವರ ಬಳಿ ಇರುತ್ತದೆ, ಟಪಾಲು ಎತ್ತಿಡುತ್ತಾರೆ, ಎರಡು ದಿನಕ್ಕೊಮ್ಮೆ ಒಳಗೆ ಹೋಗಿ ದೀಪ ಹಾಕಿ ಬರುತ್ತಾರೆ. ಸಾಮಾನಿನ ಗಾಡಿ ಬಂದು ನಿಂತರೆ ಏನು ಮಾಡಬೇಕೆಂದು ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಟಿಕೆಟ್ಟನ್ನು ಡಿಸೆಂಬರ್ ಎರಡನೆಯ ವಾರಕ್ಕೇ ತೆಗೆಯುತ್ತಿದ್ದೇವೆ, ನೀವು ಬೇಡವೆಂದರೂ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. 2012ರ ಕತೆಯನ್ನು ಅವರಿಗೆ ಓದಿ ಹೇಳಬೇಡಿ, ನಾನೇ ಬಂದು ಹೇಳುತ್ತೇನೆ. ಆ ಲಕೋಟೆ ಇನ್ನೂ ನನ್ನ ಬಳಿ ಇದೆ. ಒಂದು ಮೂಲೆಯಲ್ಲಿ ಹಿಮದ ನೀರು ತಾಗಿ ಶಾಯಿ ಸ್ವಲ್ಪ ಹರಡಿದೆ, ಆದರೆ ವಿಳಾಸ ಓದಬಹುದು. ಬರುವಾಗ ತರುತ್ತೇನೆ.

ಇಂತಿ ನಿಮ್ಮ ಮಗಳು