ಪುಟ್ಟನ ಖಾಲಿ ಹಾಳೆ

ಸಾಗರ

ಚಿ. ಸೌ. ಮಗಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸಂಗತಿಗಳಿಗೆ ದೊಡ್ಡಮ್ಮ ಬೇರೆಯಾಗಿ ಬರೆಯುತ್ತಾಳೆ. ಜರ್ಮನಿಯ ಆ ಶಾಲೆಯಲ್ಲಿ ‘ನಿಮ್ಮ ಹೈಮಾಟ್‌ನ ಚಿತ್ರ ಬರೆಯಿರಿ’ ಎಂದು ಕೊಟ್ಟ ಹಾಳೆಯನ್ನು ಪುಟ್ಟ ಖಾಲಿಯಾಗಿಯೇ ಹಿಂತಿರುಗಿಸಿದನೆಂದೂ, ‘ಇವನನ್ನು ಮನೆಯಿಲ್ಲದವನನ್ನಾಗಿ ಮಾಡಿಬಿಟ್ಟೆನೇ?’ ಎಂದೂ ನೀನು ಬರೆದ ಎರಡು ಸಾಲುಗಳು ಮೂರು ದಿನದಿಂದ ನನ್ನನ್ನು ಬಿಡುತ್ತಿಲ್ಲ.

ಬವೇರಿಯಾದ ಪ್ರಾಥಮಿಕ ಶಾಲೆಗಳಲ್ಲಿ ಆ ಪದವನ್ನು ಹೆಸರಿನಲ್ಲೇ ಹೊತ್ತ ಪಾಠವಿಷಯವೊಂದಿದೆಯೆಂದು ನೀನು ಹಿಂದೆ ತಿಳಿಸಿದಾಗ ನಾನು ನಕ್ಕಿದ್ದೆ. ಜರ್ಮನ್ನರಿಗೆ ಹೈಮಾಟ್ ಎಂದರೆ ವಾಸದ ಮನೆಯಲ್ಲ. ನೆಲ, ಅಲ್ಲಿನ ಮಾತು, ಬಾಲ್ಯ ಎಲ್ಲವೂ ಸೇರಿದ್ದು. ಎರಡನೆಯ ಮಹಾಯುದ್ಧದ ಕೊನೆಯಲ್ಲೂ ಆಮೇಲೂ ಜರ್ಮನಿಯ ಪೂರ್ವದ ಪ್ರಾಂತ್ಯಗಳಿಂದಲೂ ಪೂರ್ವ ಯುರೋಪಿನಿಂದಲೂ ಹೊರದೂಡಿಸಿಕೊಂಡ ಸುಮಾರು 1.2 ಕೋಟಿ ಜರ್ಮನ್ನರಲ್ಲಿ ಎಷ್ಟೋ ಮಂದಿ, ಬಿಟ್ಟುಬಂದ ಊರಿನ ಪಾತ್ರೆ, ಉಡುಪು, ನಕ್ಷೆಗಳಿಗೆಂದೇ ಹೊಸ ಊರುಗಳಲ್ಲಿ ಕೋಣೆಗಳನ್ನು ಮಾಡಿಕೊಂಡರು. ಆ ಸಂಕಟ ನನಗೆ ತಿಳಿಯುತ್ತದೆ. ನಮ್ಮಲ್ಲಾದರೆ ಮನೆಯೆಂದರೆ ಮಂದಿ, ‘ಮನೆಯಲ್ಲಿ ಹೇಗಿದ್ದಾರೆ?’ ಎಂದವನು ಕೇಳುವುದು ಹೆಂಡತಿಯ ಕ್ಷೇಮವನ್ನು. ಹೆಣ್ಣುಮಕ್ಕಳಿಗಂತೂ ಹುಟ್ಟಿದ ಮನೆ, ಕೊಟ್ಟ ಮನೆ ಎಂದು ಎರಡಿಟ್ಟರು. ಯಾವುದು ನಿನ್ನದೆಂದು ಯಾರೂ ಹಾಳೆ ಕೊಟ್ಟು ಕೇಳಲಿಲ್ಲ.

ಕೊಡಗಿನಲ್ಲಿ ಮೇಷ್ಟರಾಗಿದ್ದಾಗ ಸಹೋದ್ಯೋಗಿಯೊಬ್ಬರು ಪುತ್ತರಿ ಸುಗ್ಗಿಹಬ್ಬಕ್ಕೆ ತಮ್ಮ ಐನ್‌ಮನೆಗೆ, ಅಂದರೆ ಕುಲದ ಮೂಲಮನೆಗೆ, ಕರೆದೊಯ್ದಿದ್ದರು. ವರ್ಷದ ಬಹುಪಾಲು ಅಲ್ಲಿ ಯಾರೂ ಇರುತ್ತಿರಲಿಲ್ಲ. ಆ ರಾತ್ರಿ ಮಾತ್ರ ಎಲ್ಲೆಲ್ಲಿಂದಲೋ ಬಂದ ಒಕ್ಕದ (ಕುಲದ) ನಲವತ್ತು ಜನ ತೂಗುದೀಪದ ಕೆಳಗೆ ಕೂಡಿ, ಗದ್ದೆಗಿಳಿದು ಹೊಸ ಕದಿರು ಕೊಯ್ದು ತಂದು ಕಂಬಕ್ಕೆ ಕಟ್ಟಿದರು. ವಾಸವಿಲ್ಲದ್ದೂ ಮನೆಯಾಗಿರಬಲ್ಲದೆಂದು ಕಂಡದ್ದು ಆಗ. ನಾನು ಹೊಟ್ಟೆಕಿಚ್ಚುಪಟ್ಟದ್ದೂ ಆಗಲೇ.

ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ನಮ್ಮೂರಿಗೆ ಏರಿದ 1964ರಲ್ಲಿ ನನಗೆ ಹನ್ನೊಂದು ವರ್ಷ. ಹೆಬ್ಬಾಗಿಲು, ತೊಲೆ, ಹೆಂಚುಗಳನ್ನು ಲಾರಿಗೆ ಹೇರಿದೆವು. ತೋಟದಂಚಿನ ಚೌಡಿಯ ಕಲ್ಲನ್ನು ಮಾತ್ರ ಕೀಳಬಾರದೆಂದು ಅಪ್ಪಯ್ಯ ಬಿಟ್ಟುಬಂದರು. ಎಷ್ಟೋ ವರ್ಷಗಳ ಮೇಲೆ, ಒಂದು ಬರದ ಬೇಸಿಗೆಯಲ್ಲಿ, ಅದೇ ಹಿನ್ನೀರಿನಲ್ಲಿ ಮುಳುಗಿದ್ದ 1948ರ ಹಳೆಯ ಮಡೆನೂರು ಅಣೆಕಟ್ಟು ನೀರಿನಿಂದ ಮೇಲೆದ್ದಿದೆಯೆಂದು ಕೇಳಿ, ‘ಒಮ್ಮೆ ಕರೆದುಕೊಂಡು ಹೋಗು, ಚೌಡಿಯೂ ಕಂಡಾಳು’ ಎಂದರು. ಕೆಸರು ನೋಡಲು ಅಷ್ಟು ದೂರ ಹೋಗಬೇಕೇ ಎಂದುಬಿಟ್ಟೆ. ಅವರು ಮತ್ತೆ ಕೇಳಲಿಲ್ಲ. ಅಂಥ ಇನ್ನೊಂದು ಬೇಸಿಗೆ ಬರುವಷ್ಟರಲ್ಲಿ ಅವರೂ ಇರಲಿಲ್ಲ.

ಮತ್ತೆ ಆ ಹಾಳೆಗೇ ಬರುತ್ತೇನೆ. ಅವನು ಖಾಲಿ ಬಿಟ್ಟದ್ದು ಬರೆಯಲು ಏನೂ ಇಲ್ಲದ್ದಕ್ಕೋ, ಇದ್ದದ್ದು ಒಂದು ಹಾಳೆಯಲ್ಲಿ ಹಿಡಿಸದ್ದಕ್ಕೋ ಎಂದು ಅವನನ್ನೇ ಕೇಳಿದೆಯಾ? ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೆಂದಲ್ಲ, ಆದರೂ ನಮ್ಮೂರಿನ ಫೋಟೊ ಅಂಟಿಸಿ ಅದನ್ನು ತುಂಬಿಸಬೇಡ. ಅವನೊಡನೆ ಜಗಳವಾಡುವುದಾದರೆ ಕನ್ನಡದಲ್ಲಿ ಆಡು. ಅಷ್ಟು ಸಾಕೇನೋ, ನನಗೂ ಖಾತ್ರಿಯಿಲ್ಲ.

ನಿನ್ನೆ ರಾತ್ರಿ ನಾನೂ ಒಂದು ಹಾಳೆ ತೆಗೆದುಕೊಂಡು ಮುಳುಗಿದ ಮನೆಯ ನಕ್ಷೆ ಬರೆಯಲು ಕುಳಿತೆ. ಜಗುಲಿ, ನಡುಮನೆ, ದೇವರ ಕೋಣೆ ಬಂದವು. ಬಚ್ಚಲು ಕೊಟ್ಟಿಗೆಯ ಪಕ್ಕದಲ್ಲಿತ್ತೋ, ಬಾವಿಯ ಪಕ್ಕದಲ್ಲಿತ್ತೋ ಎಷ್ಟು ಹೊತ್ತು ಕುಳಿತರೂ ನೆನಪಾಗಲಿಲ್ಲ. ಕೇಳೋಣವೆಂದರೆ ನಿನ್ನ ಅಪ್ಪ ಆಗಿನ್ನೂ ತೊಟ್ಟಿಲಲ್ಲಿದ್ದ. ಆ ಮೂಲೆಯನ್ನು ಹಾಗೆಯೇ ಬಿಟ್ಟು ಹಾಳೆಯನ್ನು ಇದರೊಳಗೆ ಮಡಚಿಟ್ಟಿದ್ದೇನೆ. ಪುಟ್ಟನಿಗೆ ತೋರಿಸು.

ಇತಿ,
ನಿನ್ನ ದೊಡ್ಡಪ್ಪ