ಹೊರಡುವ ಗೆಳತಿಗೆ ಹೇಳಬೇಕಾದ್ದನ್ನು ಈಗಲೇ ಹೇಳಿಬಿಡು

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ಓದಿದೆ. "ಅವಳ ಕೊನೆ ಪರೀಕ್ಷೆ ಹತ್ತಿರ ಬಂತು ಚಿಕ್ಕಮ್ಮ, ಅವಳು ಹೋದ್ಮೇಲೆ ನಾನೇನು ಮಾಡ್ಲಿ" ಅಂತ ಕಾಲೇಜಿನಲ್ಲಿ ನಿನಗಿಂತ ಒಂದು ವರ್ಷ ಮುಂದಿರುವ ಗೆಳತಿಯ ಬಗ್ಗೆ ಒಂದೇ ಸಾಲು ಬರೆದಿದ್ದೀಯ. ಫೋನಿನಲ್ಲಿ ನಮ್ಮಿಬ್ಬರ ಮಾತು ಎಲ್ಲಿಂದೆಲ್ಲಿಗೋ ಹೋಗಿಬಿಡುತ್ತೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನಗೆ ಅಳು ಬರುತ್ತಿದ್ದರೆ ಅತ್ತುಬಿಡು. ಇಂಥ ಹೊತ್ತಿನಲ್ಲಿ ಹೋಗುವವರಿಗಿಂತ ಉಳಿಯುವವರಿಗೇ ಕಷ್ಟ ಜಾಸ್ತಿ. ಅವಳ ಮುಂದೆ ಹೊಸ ಕೆಲಸ, ಹೊಸ ಜನ, ದಿನಕ್ಕೊಂದು ಗಡಿಬಿಡಿ ಇರುತ್ತೆ. ನಿನಗೆ ಅದೇ ಕ್ಲಾಸ್, ಅದೇ ಲೈಬ್ರರಿ, ಅದೇ ಮೆಟ್ಟಿಲು. ಅವಳು ಮಾತ್ರ ಇರುವುದಿಲ್ಲ. "ಒಂದು ವರ್ಷ ತಾನೆ, ನಿನ್ನದೂ ಮುಗಿಯುತ್ತೆ ಬಿಡು" ಅಂತ ಹೇಳುವವರು ಸಿಗುತ್ತಾರೆ. ಅವರ ಮೇಲೆ ಸಿಟ್ಟಾಗಬೇಡ. ಆದರೆ ಮೊದಲ ಕೆಲವು ವಾರ ಭಾರವಾಗಿಯೇ ಇರುತ್ತವೆ ಅನ್ನುವುದಕ್ಕೆ ಸಿದ್ಧಳಾಗಿರು.

ಈಗ ಮುಖ್ಯ ವಿಷಯ. ಅವಳು ನಿನಗೆ ಏನಾಗಿದ್ದಳು ಅನ್ನುವುದನ್ನು ಬಾಯಿಬಿಟ್ಟು ಹೇಳು. "ಅವಳಿಗೆ ಗೊತ್ತೇ ಇರುತ್ತೆ" ಅಂತ ಸುಮ್ಮನಿರಬೇಡ. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಅನ್ನುವ ಇಬ್ಬರು ಸಂಶೋಧಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮಗೆ ಒಳ್ಳೆಯದು ಮಾಡಿದವರಿಗೆ ಥ್ಯಾಂಕ್ಸ್ ಹೇಳಿ ಪತ್ರ ಬರೆಯಲು ಕೆಲವರನ್ನು ಕೇಳಿಕೊಂಡಿದ್ದರು. ಓದಿದವರಿಗೆ ಮುಜುಗರ ಆಗಬಹುದು ಅಂತ ಬರೆದವರು ಅಳುಕಿದ್ದರು. ನಿಜವಾಗಿ ಅಷ್ಟು ಮುಜುಗರ ಆಗಿರಲಿಲ್ಲ. ಬರೆದವರು ಅಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ಸಂತೋಷವಾಗಿತ್ತು. ನಿನಗೂ ಅದೇ ಅಳುಕು ಇರುತ್ತೆ, ನನಗೆ ಗೊತ್ತು.

ಹೇಳುವಾಗ "ಮಿಸ್ ಯೂ ಕಣೇ, ಟಚ್‌ನಲ್ಲಿರು" ಅಂತ ಮುಗಿಸಬೇಡ. ಅದನ್ನು ಇಡೀ ಕ್ಲಾಸೇ ಅವಳಿಗೆ ಹೇಳುತ್ತೆ. ನೀನು ಮಾತ್ರ ಹೇಳಬಲ್ಲ ಮಾತು ಹುಡುಕು. ಮೊದಲ ಸೆಮಿಸ್ಟರಿನಲ್ಲಿ ನಿನಗೆ ಜ್ವರ ಬಂದಿತ್ತಲ್ಲ, ಆಗ ಮರುದಿನ ತನ್ನ ಪರೀಕ್ಷೆ ಇದ್ದರೂ ಅವಳು ಪುಸ್ತಕ ಹಿಡಿದು ನಿನ್ನ ಮಂಚದ ಪಕ್ಕ ಕೂತೇ ರಾತ್ರಿ ಕಳೆದಳು. ಗಂಟೆಗೊಮ್ಮೆ ಹಣೆ ಮುಟ್ಟಿ ನೋಡುತ್ತಿದ್ದಳು ಅಂತ ನೀನೇ ಹೇಳಿದ್ದೆ. ಅದನ್ನು ಬರೆ. ಆ ರಾತ್ರಿ ನಿನಗೆ ಏನನ್ನಿಸಿತು ಅಂತಲೂ ಬರೆ. ಒಂದು ಪುಟ ಸಾಕು. ಕೈಯಲ್ಲೇ ಬರೆ, ಅಕ್ಷರ ಹೇಗಿದ್ದರೂ ಪರವಾಗಿಲ್ಲ.

ಕೊನೆಯ ದಿನದವರೆಗೆ ಕಾಯಬೇಡ. ಅವತ್ತು ಲಗೇಜು, ಬಂದಿರುವ ಮನೆಯವರು, ರೂಮಿನ ಬೀಗದ ಕೈ ಒಪ್ಪಿಸುವ ಗಲಾಟೆ. ಎರಡು ಮಾತಿಗೂ ಪುರುಸೊತ್ತು ಸಿಗುವುದಿಲ್ಲ. ಬೀಳ್ಕೊಡುಗೆ ಸಮಾರಂಭದ ಗದ್ದಲವೂ ಇದಕ್ಕೆ ಜಾಗವಲ್ಲ. ಪರೀಕ್ಷೆ ಮುಗಿದು ಪ್ಯಾಕಿಂಗ್ ಶುರುವಾಗುವ ಮುಂಚೆ ಒಂದು ಸಂಜೆ ನೀವಿಬ್ಬರೇ ಎಲ್ಲಾದರೂ ಕೂತುಕೊಳ್ಳಿ. ನಡುವೆ ಒಮ್ಮೆ ಮಾತು ಬಿಟ್ಟಿದ್ದಿರಲ್ಲ, ಅದರ ಬಗ್ಗೆ ನಿನಗೆ ಬೇಜಾರು ಉಳಿದಿದ್ದರೆ ಆಗಲೇ ಹೇಳಿ ಹಗುರಾಗು. ಯಾರದು ತಪ್ಪು ಅಂತ ಮತ್ತೆ ಕೆದಕಲು ಹೋಗಬೇಡ.

ಇನ್ನೊಂದು ಸಣ್ಣ ವಿಷಯ. ಓದು ಮುಗಿಸಿದವರ ಇಮೇಲ್ ಖಾತೆಯನ್ನು ಎಷ್ಟೋ ಕಾಲೇಜುಗಳು ಮುಚ್ಚಿಬಿಡುತ್ತವೆ. ನಿಮ್ಮ ಫೋಟೋ, ನೋಟ್ಸ್ ಎಲ್ಲ ಅದರಲ್ಲಿದ್ದರೆ ಈಗಲೇ ತೆಗೆದಿಟ್ಟುಕೊಳ್ಳಿ.

ಅವಳು ಹೋದ ಮೇಲಿನ ಮಾತು. "ದಿನಾ ಮಾತಾಡೋಣ" ಅಂತ ಮಾತು ಕೊಡಬೇಡ, ತೆಗೆದುಕೊಳ್ಳಲೂ ಬೇಡ. ಮೂರನೇ ವಾರಕ್ಕೇ ಅದು ತಪ್ಪುತ್ತೆ, ಆಮೇಲೆ ಇಬ್ಬರಿಗೂ ಕಸಿವಿಸಿ. ವಾರಕ್ಕೊಂದು ದಿನ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ರಾಬಿನ್ ಡನ್‌ಬಾರ್ ಮತ್ತು ಸ್ಯಾಮ್ ರಾಬರ್ಟ್ಸ್ ಅನ್ನುವ ಸಂಶೋಧಕರು ಶಾಲೆ ಮುಗಿಸಿದ ಹುಡುಗ ಹುಡುಗಿಯರ ಸ್ನೇಹಗಳನ್ನು 18 ತಿಂಗಳು ಗಮನಿಸಿದ್ದರು. ನೆಂಟಸ್ತನ ಹೆಚ್ಚೇನೂ ಸಡಿಲವಾಗಲಿಲ್ಲ, ಸ್ನೇಹ ಮಾತ್ರ ಬೇಗ ಸಡಿಲವಾಯಿತು. ಹುಡುಗಿಯರ ಸ್ನೇಹ ಉಳಿಯಲು ಹೆಚ್ಚು ನೆರವಾದದ್ದು ಮಾತುಕತೆ, ಹುಡುಗರದ್ದು ಸೇರಿ ಏನಾದರೂ ಮಾಡುವುದು. ಎಲ್ಲರಿಗೂ ಹೀಗೇ ಅಂತಲ್ಲ. ಆದರೂ ನಿಮ್ಮ ಗುಂಪಿನ ಹುಡುಗರಿಗೂ ಇದನ್ನು ಹೇಳು. ಬರೀ ಗುಡ್ ಮಾರ್ನಿಂಗ್ ಫಾರ್ವರ್ಡ್‌ಗಳಿಂದ ಅವರ ಸ್ನೇಹ ಉಳಿಯುತ್ತೆ ಅಂತ ನನಗನ್ನಿಸುವುದಿಲ್ಲ.

ಮೊದಲ ತಿಂಗಳುಗಳಲ್ಲಿ ಅವಳ ಉತ್ತರ ತಡವಾಗಬಹುದು. ನೀಲಿ ಟಿಕ್ ನೋಡುತ್ತಾ ಕೂರಬೇಡ. ಹೊಸ ಜಾಗದಲ್ಲಿ ಅವಳೂ ಒದ್ದಾಡುತ್ತಿರುತ್ತಾಳೆ. ಕಳೆದ ಸಲ ಫೋನ್ ಮಾಡಿದ್ದು ನಾನೇ ಅಲ್ವಾ ಅನ್ನುವ ಲೆಕ್ಕ ಇಡಬೇಡ, ನೆನಪಾದವರು ಮಾಡಿದರಾಯಿತು. ಹೊಸ ಗೆಳತಿಯರ ಜೊತೆ ಅವಳು ನಗುತ್ತಿರುವ ಫೋಟೋ ನೋಡಿದಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ. ಆಗಲಿ. ಅವತ್ತೇ ಏನೂ ಬರೆದು ಕಳಿಸಬೇಡ, ಮರುದಿನ ಕಳಿಸು.

ನೀನೂ ಒಬ್ಬಳೇ ಕೂರಬೇಡ ಕಂದಾ. ನಿನ್ನ ಕ್ಲಾಸಿನಲ್ಲಿ ನೀನು ಇನ್ನೂ ಸರಿಯಾಗಿ ಮಾತಾಡಿಸದವರು ಇದ್ದಾರೆ. ಅವರ ಜೊತೆ ಕೂತರೆ ಹಳೆಯ ಗೆಳತಿಗೆ ದ್ರೋಹ ಮಾಡಿದ ಹಾಗೆ ಆಗುವುದಿಲ್ಲ.

ಪತ್ರ ಈ ವಾರವೇ ಶುರು ಮಾಡು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಎತ್ತುತ್ತೇನೆ. ಅವಳ ಪರೀಕ್ಷೆಗೆ ನನ್ನ ಆಶೀರ್ವಾದ ಹೇಳು. ನಿನ್ನನ್ನು ಇಷ್ಟು ಚೆನ್ನಾಗಿ ನೋಡಿಕೊಂಡದ್ದಕ್ಕೆ ನನ್ನ ಲೆಕ್ಕದಲ್ಲೂ ಒಂದು ಥ್ಯಾಂಕ್ಸ್ ಹೇಳು.

ನಿನ್ನ ಪ್ರೀತಿಯ
ಚಿಕ್ಕಮ್ಮ