ಮೀನನ್ನು ಜೋಡಿ ಲೆಕ್ಕದಲ್ಲಿ ಮಾರುವುದು ನಿಲ್ಲಲಿ

ಮಾನ್ಯರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಮನೆಯ ಪುಟ್ಟ ಅಕ್ವೇರಿಯಂ ಬಗ್ಗೆ ಬಂದ ಬರಹ ಓದಿದೆ. ಚಿತ್ರ ಚೆನ್ನಾಗಿತ್ತು. ಆದರೆ ಒಂದಡಿ ಗಾಜಿನ ಡಬ್ಬಿಯಲ್ಲಿ ಆರೇಳು ಜಾತಿಯ ಮೀನು ಎರಡೆರಡು ಓಡಾಡುತ್ತಿದ್ದುದನ್ನು ನೋಡಿ ಸುಮ್ನೆ ಇರಲು ಆಗಲಿಲ್ಲ. ಅದೇ ತಪ್ಪು ಮಾಡಿ ಪೆಟ್ಟು ತಿಂದವನು ನಾನು.

ನಾನು 31 ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಹೆಚ್ಚಾಗಿ ಹಾಸನ–ಸಕಲೇಶಪುರ ರೂಟು. ಸಂತೆಯ ದಿನ ಕಾಲಿಡಲು ಜಾಗವಿಲ್ಲದ ಬಸ್ಸಿಗೂ ಜನ ಹತ್ತಿಸಿ, "ಹಿಂದೆ ಖಾಲಿ ಇದೆ, ಹಿಂದೆ ಹೋಗ್ರಿ" ಎಂದು ಕೂಗಿದ್ದೇನೆ. ಅರ್ಧ ಜನ ಬಾಳ್ಳುಪೇಟೆಯಲ್ಲಿ ಇಳಿದುಹೋಗುತ್ತಿದ್ದರು. ತೊಟ್ಟಿಯ ಮೀನು ಎಲ್ಲಿ ಇಳಿಯಬೇಕು?

ನಿವೃತ್ತನಾದ ವರ್ಷ ಮೊಮ್ಮಗನ ಹಟಕ್ಕೆ ಎರಡಡಿ ಉದ್ದದ ತೊಟ್ಟಿ ತಂದೆ. ಒಂದಡಿ ಅಗಲ, ಒಂದಡಿ ಎತ್ತರ. ಕಂಠಮಟ್ಟ ತುಂಬಿದರೆ 56 ಲೀಟರ್. ಕೆಳಗೆ ಜಲ್ಲಿಯೋ ಮರಳೋ, ಮೇಲೆ ನಾಲ್ಕು ಬೆರಳು ಖಾಲಿ ಕಳೆದರೆ ಉಳಿಯುವುದು 45 ಲೀಟರ್. ಅಂದರೆ ಎರಡು ಕೊಡ ಮತ್ತು ಒಂದು ಬಕೆಟ್ ನೀರು.

ಅಂಗಡಿಯಲ್ಲಿ ಎಲ್ಲ ಮೀನಿಗೂ ಜೋಡಿ ರೇಟು. ಒಂದೊಂದೇ ಕೇಳಿದರೆ ಕೊಡುವುದಿಲ್ಲ. ಸರಿ, ಗೋಲ್ಡ್‌ಫಿಶ್ ಒಂದು ಜೋಡಿ, ಏಂಜೆಲ್ ಒಂದು ಜೋಡಿ, ಮಾಲಿ ಎರಡು ಜೋಡಿ, ಮೊಮ್ಮಗ ಕೈ ತೋರಿಸಿದ "ಶಾರ್ಕ್" ಒಂದು ಜೋಡಿ. "ತಳ ಕ್ಲೀನ್ ಮಾಡೋಕೆ ಇದು ತಗೊಳ್ಳಿ ಸಾರ್, ಊಟ ಹಾಕೋದೇ ಬೇಡ" ಎಂದು ಬಿಳಿ ಮೈ, ಕೆಂಪು ಕಣ್ಣಿನ ಸಣ್ಣ ಮೀಸೆ ಮೀನು ಒಂದು ಜೋಡಿ ಕಟ್ಟಿಕೊಟ್ಟರು. ಅದೇ ಕೋರಿಡೋರಾಸ್. ನಾವು ಕೋರಿ ಅನ್ನುತ್ತೇವೆ. ಒಟ್ಟು ಹನ್ನೆರಡು ಮೀನು, ಎಲ್ಲವೂ ಅದೇ ಸಂಜೆ ನೀರಿಗೆ.

ಒಂಬತ್ತನೇ ದಿನ ನೀರು ಗಂಜಿಯಂತಾಯಿತು. ಹನ್ನೊಂದನೇ ದಿನಕ್ಕೆ ಏಳು ಮೀನು ಸತ್ತಿದ್ದವು.

ಆಮೇಲೆ ತಿಳಿದದ್ದು: ಮೀನಿನ ಹೊಲಸಿನಿಂದ ನೀರಲ್ಲಿ ಅಮೋನಿಯಾ ಆಗುತ್ತದೆ. ಅದು ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ಕೂರಬೇಕು. ಹೊಸ ತೊಟ್ಟಿಯಲ್ಲಿ ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ನಾನು ನೀರು ಕದಡಿತೆಂದು ಸ್ಪಂಜನ್ನು ನಲ್ಲಿಯ ಕೆಳಗೆ ಉಜ್ಜಿ ಉಜ್ಜಿ ತೊಳೆದಿದ್ದೆ. ಅಲ್ಲಿ ಸೇರಿದ್ದ ಅಷ್ಟಿಷ್ಟು ಬ್ಯಾಕ್ಟೀರಿಯಾವನ್ನೂ ಕ್ಲೋರಿನ್ ನೀರಲ್ಲಿ ಕೊಂದಿದ್ದೆ. ಈಗ ತೊಟ್ಟಿಯಿಂದಲೇ ತೆಗೆದ ನೀರಲ್ಲಿ ಎರಡು ಸಲ ಹಿಂಡುತ್ತೇನೆ, ಅಷ್ಟೇ. ವಾರಕ್ಕೆ ಒಂದು ಬಕೆಟ್ ಹಳೆ ನೀರು ತೆಗೆದು, ಒಂದು ದಿನ ಬಾಯಿ ತೆರೆದಿಟ್ಟ ನಲ್ಲಿ ನೀರನ್ನು ಹಾಕುತ್ತೇನೆ.

ಉಳಿದವರಲ್ಲಿ ಒಂದು ಕೋರಿ ಇತ್ತು. ಎರಡು ತಿಂಗಳು ಅದು ಫಿಲ್ಟರಿನ ಹಿಂದಿನ ಮೂಲೆ ಬಿಟ್ಟು ಬರಲಿಲ್ಲ. ಆಗಾಗ ಬಾಣದ ಹಾಗೆ ಮೇಲೆ ಹೋಗಿ ಒಂದು ಗುಟುಕು ಗಾಳಿ ನುಂಗಿ ಮತ್ತೆ ಮೂಲೆಗೆ. ಕಾಯಿಲೆ ಅಂದುಕೊಂಡೆ. ಅಲ್ಲ, ಕೋರಿಗೆ ಆ ಶಕ್ತಿ ಹುಟ್ಟಿನಿಂದಲೇ ಇದೆ. ನುಂಗಿದ ಗಾಳಿಯ ಆಮ್ಲಜನಕವನ್ನು ಅದು ಕರುಳಿನಿಂದ ಹೀರಿಕೊಳ್ಳುತ್ತದೆ. ಆದರೆ ನಿಮಿಷಕ್ಕೊಂದು ಸಲ ಹೀಗೆ ಓಡಿದರೆ ನೀರು ಕೆಟ್ಟಿದೆ, ಇಲ್ಲವೇ ಏರ್ ಪಂಪು ನಿಂತಿದೆ ಅಂತ ತಿಳಿಯಬೇಕು. ನಮ್ಮ ಬೀದಿಯಲ್ಲಿ ಕರೆಂಟು ಹೋದದ್ದು ಹಗಲು ಹೊತ್ತಿನಲ್ಲಿ ನನಗೆ ಮೊದಲು ಹೇಳುವುದು ಕೋರಿಯೇ.

ಸಾಲಗಾಮೆ ರಸ್ತೆಯಲ್ಲಿ ನನ್ನ ಹಾಗೇ ಮೀನಿನ ಹುಚ್ಚಿರುವ ಒಬ್ಬ ಹುಡುಗ ಹೇಳಿದ: "ಅಂಕಲ್, ಅದು ಗುಂಪಿನ ಮೀನು. ಕನಿಷ್ಠ ಆರು ಇರಬೇಕು. ಅದೇ ಜಾತಿಯ ಐದು ತನ್ನಿ, ಬೇರೆ ಏನೂ ತರಬೇಡಿ." ತಂದೆ. ಜೋಡಿ ಲೆಕ್ಕದವರ ಹತ್ತಿರ ಐದು ಮೀನು ಕೇಳಿ ಪಡೆಯುವುದು ಎಷ್ಟು ಕಷ್ಟ ಗೊತ್ತಾ? ಮೂರು ಜೋಡಿಯ ದುಡ್ಡು ಕೊಟ್ಟೆ.

ಅವತ್ತಿನ ಸಂಜೆ ಮರೆಯುವುದಿಲ್ಲ. ಐದನ್ನು ಬಿಟ್ಟು ಅರ್ಧ ಗಂಟೆ ಆಗಿರಲಿಲ್ಲ, ಮೂಲೆಯವನು ಹೊರಗೆ ಬಂದ. ಒಂದರ ಪಕ್ಕ ಒಂದು ಹೋಗಿ ಹೊಟ್ಟೆ ನೆಲಕ್ಕಿಟ್ಟು ಕುಳಿತವು. ಆಮೇಲೆ ಎಲ್ಲವೂ ಒಟ್ಟಿಗೆ ಮೂತಿಯನ್ನು ಕಣ್ಣಿನ ತನಕ ಮರಳಿಗೆ ಹೂತು, ಕಿವಿರಿನಿಂದ ಮರಳನ್ನು ಹೊರಗೆ ಸುರಿಯುತ್ತಾ ಸಾಲಾಗಿ ಹೊರಟವು. ಮಧ್ಯೆ ಒಂದು ನನ್ನ ಕಡೆ ತಿರುಗಿ ಕಣ್ಣು ಹೊಡೆಯಿತು. ನಿಜವಾಗಿ ಹೊಡೆಯಿತು, ಕೋರಿ ಕಣ್ಣಿನ ಗುಡ್ಡೆಯನ್ನು ಕೆಳಕ್ಕೆ ಹೊರಳಿಸಿದರೆ ಹಾಗೇ ಕಾಣುವುದು. ಮನೆಯವಳನ್ನು ಕರೆದು ತೋರಿಸುವಷ್ಟರಲ್ಲಿ ನಿಲ್ಲಿಸಿತ್ತು.

ಕೋರಿಯ ಮೀಸೆಗಾಗಿಯೇ ಬಣ್ಣದ ಜಲ್ಲಿ ತೆಗೆದು ಮರಳು ಹಾಕಿದ್ದೆ. ಚೂಪು ಕಲ್ಲಿನ ಮೇಲೆ ಕೆದಕಿ ಕೆದಕಿ ಮೀಸೆ ಸವೆಯುತ್ತದೆ. ಹೊಳೆ ಮರಳು ಜರಡಿ ಹಿಡಿದು ತೊಳೆದದ್ದು ಆಗುತ್ತದೆ. ಪಕ್ಕದ ಮನೆ ಕಟ್ಟುವಲ್ಲಿ ಸಿಕ್ಕಿತೆಂದು ಎಂ-ಸ್ಯಾಂಡ್ ತರಬೇಡಿ, ಅದು ಪುಡಿ ಮಾಡಿದ ಕಲ್ಲು. ಇನ್ನೊಂದು, ಕೋರಿಯನ್ನು ಬಲೆಯಲ್ಲಿ ಹಿಡಿಯಬೇಡಿ. ಅದರ ರೆಕ್ಕೆಗೆ ಮುಳ್ಳಿದೆ, ಹೆದರಿದಾಗ ಸೆಟೆಸಿ ಲಾಕ್ ಮಾಡುತ್ತದೆ. ನಮ್ಮದೊಂದು ಬಲೆಯಲ್ಲಿ ಸಿಕ್ಕಿಕೊಂಡು, ಕೊನೆಗೆ ಮನೆಯವಳ ಹೊಲಿಗೆ ಕತ್ತರಿಯಲ್ಲಿ ಬಲೆಯನ್ನೇ ಕತ್ತರಿಸಬೇಕಾಯಿತು. ಲೋಟ ಸಾಕು.

ಹಾಗೇ ಕೋರಿ ಕಸ ಗುಡಿಸುವ ಆಳಲ್ಲ. ಅದಕ್ಕೂ ಊಟ ಬೇಕು. ತಳಕ್ಕೆ ಮುಳುಗುವ ಮೀನಿನ ಆಹಾರದ ಗುಳಿಗೆಯನ್ನು ರಾತ್ರಿ ದೀಪ ಆರಿಸುವಾಗ ಹಾಕಬೇಕು.

ಇನ್ನು ಆ "ಶಾರ್ಕ್" ಕಥೆ. ಅದು ಶಾರ್ಕೇ ಅಲ್ಲ. ಮೆಕಾಂಗ್ ನದಿಯ ಕ್ಯಾಟ್‌ಫಿಶ್, ಹೋಟೆಲುಗಳಲ್ಲಿ ಬಾಸಾ ಅಂತ ಕೊಡುವುದು ಹೆಚ್ಚಾಗಿ ಇದನ್ನೇ. ಅದೂ ಗುಂಪಿನ ಮೀನೇ, ಆದರೆ ಬೆಳೆದರೆ ಮೂರಡಿ ದಾಟುತ್ತದೆ. ನಮ್ಮಲ್ಲಿ ಉಳಿದಿದ್ದ ಒಂದು ಶಾರ್ಕ್, ವರ್ಷದೊಳಗೆ ಗೇಣುದ್ದ ಆಯಿತು. ದೀಪ ಹಾಕಿದರೆ ಗಾಬರಿಯಾಗಿ ಗಾಜಿಗೆ ಗುದ್ದುತ್ತಿತ್ತು, ಮೂತಿಯ ತುದಿ ಬಿಳಿಚಿಕೊಂಡಿತ್ತು. "ಹುಣಸಿನಕೆರೆಗೆ ಬಿಟ್ಟು ಬನ್ನಿ" ಅಂದವರು ಒಬ್ಬಿಬ್ಬರಲ್ಲ. ನಮ್ಮ ಕೆರೆ ಹೊಳೆಗಳಿಗೆ ಮುರುಗೋಡು, ಗಿರ್ಲು ಎಂಬ ನಮ್ಮದೇ ಮೀಸೆ ಮೀನು ಇವೆ, ಅವುಗಳ ಜಾಗಕ್ಕೆ ಹೊರಗಿನವನನ್ನು ಯಾಕೆ ಬಿಡಬೇಕು? ಸಿಮೆಂಟ್ ತೊಟ್ಟಿ ಇರುವ ಪರಿಚಯದವರಿಗೆ ಕೊಟ್ಟೆ.

ಈಗ ನನ್ನ ತೊಟ್ಟಿಯಲ್ಲಿ ಆರು ಕೋರಿ, ಮೇಲಿನ ನೀರಲ್ಲಿ ಎಂಟು ಸಣ್ಣ ಟೆಟ್ರಾ. ಎರಡೇ ಜಾತಿ, ಎರಡೂ ಗುಂಪು. ಬಸ್ ಫುಲ್. ಡಿಸೆಂಬರ್ ರಾತ್ರಿ ಮಾತ್ರ ಹೀಟರ್ 24 ಡಿಗ್ರಿಗೆ ಇಡುತ್ತೇನೆ, ನಮ್ಮದು ಬಡವರ ಊಟಿ ಅಲ್ವಾ. ಇದಕ್ಕಿಂತ ಚಿಕ್ಕ ತೊಟ್ಟಿ, ಒಂದೂವರೆ ಅಡಿಯದ್ದು ಇರುವವರಿಗೆ ಪಿಗ್ಮಿ ಕೋರಿ ಇದೆ, ಬೆಳೆದರೂ ಒಂದಿಂಚು. ಚಿತ್ರದಲ್ಲಿದ್ದ ಒಂದಡಿ ಡಬ್ಬಿಗೆ ಯಾವ ಕೋರಿಯೂ ಬೇಡ.

ಜೋಡಿ ಲೆಕ್ಕದ ವ್ಯಾಪಾರದಲ್ಲಿ ತೊಟ್ಟಿಯೂ ತುಂಬಿ ತುಳುಕುತ್ತದೆ, ಒಳಗಿನ ಒಂದೊಂದು ಮೀನೂ ಒಂಟಿಯಾಗಿರುತ್ತದೆ. ಗುಂಪಿನ ಮೀನನ್ನು ಆರರ ಲೆಕ್ಕದಲ್ಲಿ ಮಾರಲಿ. ರೇಟಿನ ಚೀಟಿಯ ಪಕ್ಕ, ಬೆಳೆದರೆ ಎಷ್ಟುದ್ದ ಎಂದು ಒಂದು ಸಾಲು ಬರೆಯಲಿ. ಇದನ್ನು ಹೋದ ವಾರ ಒಂದು ಅಂಗಡಿಯಲ್ಲಿ ಹೇಳಿಯೂ ನೋಡಿದೆ. "ಶಾರ್ಕ್ ಮೇಲೆ ಮೂರಡಿ ಅಂತ ಬರೆದ್ರೆ ಯಾರು ತಗೋತಾರೆ ಸಾರ್?" ಅಂದರು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಮುಂದಿನ ಸಲ ಪುರವಣಿಯಲ್ಲಿ ಮೀನಿನ ಚಿತ್ರ ಹಾಕುವಾಗ ಆ ಒಂದು ಸಾಲನ್ನು ನೀವಾದರೂ ಹಾಕಿ.

– ಒಬ್ಬ ನಿವೃತ್ತ ಕಂಡಕ್ಟರ್, ಹಾಸನ